ಬಾಲಕ್ಕೊಂದು ಪುಟ್ಟ ಚಕ್ರ

ಹೋದ ಬೇಸಿಗೆಯ ಒಂದು ಬೆಳಗು. ನಮ್ಮ ಹೊರಕೆರೆದೇವಪುರದ ಮನೆಯ ತಾರಸಿಯ ಮೇಲೆ ಹಳೆಯ ಪಂಚೆ ಹಾಸಿ, ಸೊಸೆಯೂ ನಾನೂ ಅಕ್ಕಿ ಸಂಡಿಗೆ ಇಡುತ್ತಿದ್ದೆವು. ಕಾಗೆ ಕಾಯಲು ಕೋಲು ಹಿಡಿದು ಕೂತವಳು ನನ್ನ ಮೊಮ್ಮಗಳು, ಒಂಬತ್ತನೇ ಕ್ಲಾಸು. ಆಕಾಶದಲ್ಲಿ, ಬಹಳ ಎತ್ತರದಲ್ಲಿ, ಬಿಳಿ ಗೆರೆ ಎಳೆಯುತ್ತಾ ಒಂದು ವಿಮಾನ ಹೋಯಿತು. ಹುಡುಗಿ ಕತ್ತೆತ್ತಿ ನೋಡಿದವಳು ನೋಡುತ್ತಲೇ ಇದ್ದಳು.

"ಅಜ್ಜೀ, ನಾನೂ ಅದನ್ನ ಓಡಿಸ್ಬೋದಾ?"

"ಮೊದ್ಲು ಕಾಗೆ ಓಡ್ಸು ತಾಯೀ, ಆಮೇಲೆ ವಿಮಾನ ಓಡಿಸೀಯಂತೆ!" ಅಂದೆ ನಾನು.

ನಾನೂ ನಕ್ಕೆ, ಸೊಸೆಯೂ ನಕ್ಕಳು. ಪಕ್ಕದ ಮನೆ ತಾರಸಿಯಲ್ಲಿ ಮೆಣಸಿನಕಾಯಿ ಹರಡುತ್ತಿದ್ದ ಗೌರಕ್ಕನೂ ನಕ್ಕಳು. ಮೊಮ್ಮಗಳು ಮಾತ್ರ ನಗಲಿಲ್ಲ. ಸುಮ್ಮನೆ ಕೋಲು ಕೈಗೆ ತೆಗೆದುಕೊಂಡು ಕಾಗೆ ಓಡಿಸಲು ಕೂತಳು.

ರಾತ್ರಿ ಮಲಗಿದಾಗ ಆ ಮುಖ ಕಣ್ಣ ಮುಂದೆ ಬಂತು. ಸಹೋದರಿಯರೇ, ಆ ಮಾತಿಗೆ ಬೇರೆ ಯಾರು ಬೇಕಾದರೂ ನಗಬಹುದಿತ್ತು, ನಾನು ನಗಬಾರದಿತ್ತು. ಯಾಕೆ ಅಂತೀರಾ? ನಲವತ್ತಕ್ಕೂ ಹೆಚ್ಚು ವರ್ಷ ಯಾರಿಗೂ ಸರಿಯಾಗಿ ಹೇಳದೆ ಇಟ್ಟುಕೊಂಡ ಒಂದು ಸಂಗತಿಯನ್ನು ಇವತ್ತು ನಿಮ್ಮ ಮುಂದೆ ಬಿಚ್ಚಿಡುತ್ತೇನೆ. ಒಲೆಯ ಮೇಲೆ ಹಾಲಿಟ್ಟಿದ್ದರೆ ಮೊದಲು ಇಳಿಸಿ ಬನ್ನಿ!

ಜಕ್ಕೂರಿನ ಇಪ್ಪತ್ತು ನಿಮಿಷ

1978ನೇ ಇಸವಿ. ಮದುವೆಯಾಗಿ ಆರು ತಿಂಗಳಾಗಿತ್ತು. ನನಗೆ ಇಪ್ಪತ್ತು ವರ್ಷ. ಬೆಂಗಳೂರಿನಲ್ಲಿ ದೊಡ್ಡಮ್ಮನ ಮನೆಗೆ ಹೋಗಿದ್ದೆವು. ನಮ್ಮ ಯಜಮಾನರ ಸ್ನೇಹಿತರೊಬ್ಬರು ಜಕ್ಕೂರಿನಲ್ಲಿ ವಿಮಾನ ನಡೆಸುವುದನ್ನು ಕಲಿಸುತ್ತಿದ್ದರು. "ಬನ್ನಿ, ಒಂದು ಸುತ್ತು ಹಾಕಿಸಿ ಇಳಿಸ್ತೀನಿ" ಎಂದು ಕರೆದರು. ಇಬ್ಬರೂ ಹೋದೆವು. ಆದರೆ ವಿಮಾನವನ್ನು ಹತ್ತಿರದಿಂದ ಕಂಡದ್ದೇ ತಡ, ನಮ್ಮವರ ಧೈರ್ಯ ಸಾಕಾಯಿತು. "ನನಗೆ ಬಸ್ಸಿನಲ್ಲೇ ವಾಂತಿ ಬರುತ್ತೆ. ನೀನು ಹೋಗಿ ಬಾ" ಎಂದುಬಿಟ್ಟರು.

ಆ ವಿಮಾನದ ಹೆಸರು ಪುಷ್ಪಕ್. ಹೆಸರೇನೋ ರಾಮಾಯಣದ್ದು, ನೋಡಿದರೆ ನಮ್ಮ ದನದ ಕೊಟ್ಟಿಗೆಯಲ್ಲಿ ನಿಲ್ಲಿಸಬಹುದೇನೋ ಅನ್ನುವಷ್ಟು ಚಿಕ್ಕದು. ತಲೆಯ ಮೇಲೆ ಚಪ್ಪರದಂತೆ ಅಗಲವಾದ ರೆಕ್ಕೆ. ಒಳಗೆ ಅಕ್ಕಪಕ್ಕ ಎರಡೇ ಸೀಟು. ಮುಂದೆ ರೆಕ್ಕೆಯ ಕೆಳಗೆ ಎರಡು ಚಕ್ರ, ಹಿಂದೆ ಬಾಲದ ತುದಿಗೆ ಅಂಗೈಯಗಲದ ಒಂದು ಪುಟ್ಟ ಚಕ್ರ. ಹಾಗಾಗಿ ಅದು ಮೂತಿ ಮೇಲೆತ್ತಿ ಬಾಲ ನೆಲಕ್ಕೂರಿ ಕೂತಿತ್ತು, ಥೇಟ್ ಬಾಗಿಲಲ್ಲಿ ಕೂತ ನಾಯಿಯ ಹಾಗೆ! ಮೈಮೇಲೆ ಬೆರಳಿಟ್ಟು ನೋಡಿದೆ. ಅಯ್ಯೋ, ಬಟ್ಟೆ! ತಮಟೆಯ ಚರ್ಮದ ಹಾಗೆ ಬಿಗಿದ ಬಟ್ಟೆ!

ಸೀರೆಯ ನೆರಿಗೆ ಒಟ್ಟುಮಾಡಿ ಹಿಡಿದು ಹತ್ತಿದೆ. "ಸೆರಗು ಸಿಕ್ಕಿಸ್ಕೊಳ್ಳಿ, ಕೆಳಗಿನ ಪೆಡಲ್ ಮಾತ್ರ ಮುಟ್ಟಬೇಡಿ" ಅಂದರು ಮೇಷ್ಟರು. ಹೊರಗೆ ನಿಂತಿದ್ದ ಮೆಕ್ಯಾನಿಕ್ ಮೂತಿಯ ಪ್ರೊಪೆಲ್ಲರನ್ನು ಕೈಯಿಂದಲೇ ಜೋರಾಗಿ ಒಂದು ಸುತ್ತು ತಿರುಗಿಸಿ ಹಿಂದೆ ಸರಿದ. ಬುಡುಬುಡು ಎಂದು ಎಂಜಿನ್ ಹತ್ತಿಕೊಂಡಿತು.

ನನ್ನ ಎತ್ತರಕ್ಕೆ ಮುಂದೆ ಏನೂ ಕಾಣದು. ಕಣ್ಣೆದುರು ವಿಮಾನದ ಮೂತಿ, ಅದರಾಚೆ ಬರೀ ಆಕಾಶ. ವಿಮಾನ ನೆಟ್ಟಗೆ ಹೋಗದೆ ಹಾವಿನ ಹಾಗೆ ಅಂಕುಡೊಂಕಾಗಿ ಸಾಗಿತು. "ಯಾಕ್ ಸಾರ್ ಹೀಗೆ?" ಎಂದು ಕೂಗಿ ಕೇಳಿದೆ. "ಮುಂದೆ ಕಾಣಲ್ವಲ್ಲಮ್ಮ, ಒಂದ್ಸಲ ಎಡಗಡೆಯಿಂದ, ಒಂದ್ಸಲ ಬಲಗಡೆಯಿಂದ ಇಣುಕಿ ನೋಡ್ಕೊಂಡು ಹೋಗಬೇಕು" ಅಂದರು.

ಆಮೇಲಿನದನ್ನು ಹೇಗೆ ಹೇಳಲಿ! ವಿಮಾನ ಓಡಲು ತೊಡಗಿದ ಸ್ವಲ್ಪ ಹೊತ್ತಿಗೆ ಹಿಂದಿನ ಬಾಲ ತಾನಾಗಿ ಮೇಲೆದ್ದಿತು. ಮೂತಿ ತಗ್ಗಿತು. ಇಷ್ಟು ಹೊತ್ತು ಕಾಣದಿದ್ದ ನೆಲವೆಲ್ಲಾ ಪರದೆ ಸರಿಸಿದ ಹಾಗೆ ಕಣ್ಣಿಗೆ ಬಿತ್ತು. ಜಟಕಾ ಗಾಡಿಯಂತೆ ಗಡಗಡ ಕುಲುಕುತ್ತಿದ್ದುದು ಇದ್ದಕ್ಕಿದ್ದಂತೆ ನಿಂತಿತು. ಕೆಳಗೆ ನೋಡಿದರೆ ನಮ್ಮ ನೆರಳು ಮಾತ್ರ ನೆಲದ ಮೇಲೆ ಓಡುತ್ತಿದೆ!

ಆಗಿನ್ನೂ ಜಕ್ಕೂರು ಬೆಂಗಳೂರಿನ ಹೊರಗಿತ್ತು. ಕೆಳಗೆ ರಾಗಿ ಹೊಲ, ದ್ರಾಕ್ಷಿ ತೋಟ, ಕನ್ನಡಿ ಚೂರುಗಳಂತೆ ಹೊಳೆಯುವ ಕೆರೆಗಳು. ಒಬ್ಬ ಹೆಂಗಸು ಕೊಡ ಹೊತ್ತು ಏರಿಯ ಮೇಲೆ ಹೋಗುತ್ತಿದ್ದಳು. ನಮ್ಮ ಸದ್ದಿಗೆ ನಿಂತು, ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. ದೊಡ್ಡ ವಿಮಾನದ ಕಿಟಕಿಯಿಂದ ಮೋಡ ಕಂಡೀತು, ಕೊಡ ಹೊತ್ತ ಹೆಂಗಸು ಕಾಣುವುದುಂಟೇ? ಈ ಪುಟ್ಟ ವಿಮಾನದ ಸೊಗಸೇ ಇದು. ನಿಧಾನ ಹೋಗುತ್ತದೆ, ತಗ್ಗಿನಲ್ಲಿ ಹೋಗುತ್ತದೆ. ಎಲ್ಲೋ ಹೊಲದಲ್ಲಿ ಕಸಕ್ಕೆ ಬೆಂಕಿ ಹಾಕಿದ ಹೊಗೆಯ ವಾಸನೆ ಕೂಡ ಮೂಗಿಗೆ ಬಡಿಯಿತು.

ಎತ್ತರಕ್ಕೆ ಹೋದ ಮೇಲೆ ಮೇಷ್ಟರು, "ಹಿಡ್ಕೊಳ್ಳಿ" ಎಂದು ನನ್ನ ಮುಂದಿದ್ದ ಹಿಡಿ ತೋರಿಸಿದರು. ಗಟ್ಟಿಯಾಗಿ ಹಿಡಿದೆ. ವಿಮಾನ ಬೆಚ್ಚಿತು. "ಹಾಗಲ್ಲಮ್ಮ, ಹಾಲು ತುಂಬಿದ ಲೋಟ ಹಿಡಿದ ಹಾಗೆ" ಅಂದರು. ಅಷ್ಟು ಹೇಳಿದ್ದೇ ಸಾಕಾಯಿತು. ಹಾಲಿನ ಲೋಟ ಹಿಡಿಯುವುದನ್ನು ನಮಗೆ ಯಾರು ಕಲಿಸಬೇಕು? ಎರಡು ಮೂರು ನಿಮಿಷ, ಹೆಚ್ಚಲ್ಲ, ಆ ವಿಮಾನ ನನ್ನ ಕೈಯಲ್ಲಿತ್ತು. ಎಡಕ್ಕೆ ಮನಸ್ಸು ಮಾಡಿದರೆ ಎಡಕ್ಕೆ, ಬಲಕ್ಕೆ ಮನಸ್ಸು ಮಾಡಿದರೆ ಬಲಕ್ಕೆ.

ಇಳಿಯುವಾಗ ಮೂರೂ ಚಕ್ರ ಒಟ್ಟಿಗೇ ನೆಲ ಮುಟ್ಟಿದವು. "ಸದ್ಯ, ಮುಗೀತು" ಅಂದುಕೊಂಡೆ. ಆದರೆ ಮೇಷ್ಟರ ಕಾಲು ನೋಡುತ್ತೇನೆ, ಈಗಲೇ ಹೆಚ್ಚು ಕೆಲಸ! ಹೊಲಿಗೆ ಮಿಷನ್ ತುಳಿದ ಹಾಗೆ ಎರಡೂ ಪೆಡಲ್ ಒಂದಾದ ಮೇಲೊಂದು ಒತ್ತುತ್ತಿದ್ದಾರೆ. "ಇಳಿದಾಯ್ತಲ್ಲ ಸಾರ್?" ಅಂದರೆ, "ಇದು ಪೂರ್ತಿ ನಿಲ್ಲೋ ತನಕ ಹಾರಾಟ ಮುಗಿದ ಹಾಗಲ್ಲಮ್ಮ" ಅಂದರು.

ಎಂಜಿನ್ ಆರಿಸಿದ ಮೇಲೆ ಒಂದು ಮಾತು ಹೇಳಿದರು. "ನಿಮ್ಮ ಕೈ ಹಗುರ ಇದೆ. ಮನಸ್ಸು ಮಾಡಿದ್ರೆ ನೀವು ಕಲೀಬಹುದು."

ನಾನು ನಕ್ಕು ಇಳಿದೆ. "ಹೆಂಗಿತ್ತು?" ಎಂದು ಕೇಳಿದರು ಯಜಮಾನರು. "ಚೆನ್ನಾಗಿತ್ತು" ಅಂದೆ. ಅಷ್ಟೇ. ಊರಿಗೆ ಬಂದ ಮೇಲೆ ಅತ್ತೆಯ ಮುಂದೆ ಅದನ್ನೂ ಹೇಳಲಿಲ್ಲ. ಕಲಿಯಬೇಡ ಎಂದು ಯಾರೂ ಹೇಳಲಿಲ್ಲ, ಯಾಕೆಂದರೆ ನಾನು ಕೇಳಲೇ ಇಲ್ಲ.

ಬಾಲದಲ್ಲಿ ಚಕ್ರ ಏಕೆ?

ಈಗಿನ ವಿಮಾನಗಳಿಗೆ ಮೂತಿಯ ಕೆಳಗೆ ಒಂದು ಚಕ್ರ, ನಡುವೆ ಎರಡು ಕಡೆ ಚಕ್ರ. ಹಿಂದಿನ ಕಾಲದಲ್ಲಿ ಹಾಗಲ್ಲ. ವಿಮಾನ ಇಳಿಯುತ್ತಿದ್ದುದೇ ಹುಲ್ಲಿನ ಬಯಲಿನಲ್ಲಿ. ಹಳ್ಳ, ದಿಣ್ಣೆ, ಕಲ್ಲು ಎಲ್ಲವೂ ಉಂಟು. ಮೂತಿ ಎತ್ತರದಲ್ಲಿದ್ದರೆ ತಿರುಗುವ ಪ್ರೊಪೆಲ್ಲರ್ ನೆಲಕ್ಕೆ ತಾಗದು. ಬಾಲದ ಚಕ್ರ ಚಿಕ್ಕದಾದ್ದರಿಂದ ತೂಕವೂ ಕಡಿಮೆ. ಇನ್ನೂ ಹಿಂದೆ ಚಕ್ರವೂ ಇರಲಿಲ್ಲ, ಬಾಲಕ್ಕೆ ಒಂದು ಊರುಗೋಲು ಮಾತ್ರ. ಅದು ನೆಲ ಕೆರೆಯುತ್ತಾ ಹೋಗಿ ವಿಮಾನ ನಿಲ್ಲುತ್ತಿತ್ತು.

ಎರಡನೇ ಮಹಾಯುದ್ಧದ ನಂತರ ಟಾರು, ಕಾಂಕ್ರೀಟಿನ ರನ್‌ವೇಗಳು ಎಲ್ಲೆಡೆ ಬಂದವು. ಮೂತಿ ಚಕ್ರದ ವಿಮಾನ ನಡೆಸುವುದು ಸುಲಭ, ಕಲಿಸುವುದೂ ಸುಲಭ. ಬಾಲಚಕ್ರದವು ಮೂಲೆಗೆ ಸರಿದವು.

ಸುಲಭ ಏಕೆ, ಕಷ್ಟ ಏಕೆ? ನಮ್ಮ ಎತ್ತಿನ ಗಾಡಿಯನ್ನೇ ನೆನೆಯಿರಿ. ಎತ್ತು ಮುಂದೆ ಎಳೆದರೆ ಗಾಡಿ ಹಿಂದೆ ನೆಟ್ಟಗೆ ಬರುತ್ತದೆ. ಅದೇ ಗಾಡಿಯನ್ನು ಹಿಂದಕ್ಕೆ ತಳ್ಳಿ ನೋಡಿ, ಎತ್ತಲೋ ತಿರುಗಿಕೊಳ್ಳುತ್ತದೆ. ಬಾಲಚಕ್ರದ ವಿಮಾನದ ಕಥೆಯೂ ಹೀಗೆ. ಅದರ ಭಾರವೆಲ್ಲ ಮುಂದಿನ ಎರಡು ಚಕ್ರಗಳಿಗಿಂತ ಹಿಂದೆ ಇರುತ್ತದೆ. ನೆಲದ ಮೇಲೆ ಓಡುವಾಗ ಮೂತಿ ಕೊಂಚ ಪಕ್ಕಕ್ಕೆ ತಿರುಗಿತೋ, ಹಿಂದಿನ ಭಾರ ಮುಂದೆ ಬರಲು ನುಗ್ಗುತ್ತದೆ. ಸಕಾಲಕ್ಕೆ ಪೆಡಲ್ ಒತ್ತಿ ತಿದ್ದದಿದ್ದರೆ ವಿಮಾನ ಬುಗುರಿಯಂತೆ ಗಿರ್ರನೆ ಸುತ್ತಿ, ರೆಕ್ಕೆ ನೆಲಕ್ಕೆ ಬಡಿಯಬಹುದು, ಚಕ್ರ ಮುರಿಯಬಹುದು. ಅಡ್ಡಗಾಳಿ ಬೀಸುವ ದಿನವಂತೂ ಹೇಳುವುದೇ ಬೇಡ.

ಅದಕ್ಕೇ ಮೇಷ್ಟರ ಕಾಲು ನಿಂತಿರಲಿಲ್ಲ. ಪೆಡಲ್ ಜೋರಾಗಿ ಒತ್ತಿದರೂ ತಪ್ಪು, ತಡವಾಗಿ ಒತ್ತಿದರೂ ತಪ್ಪು. ತಿರುಗುವುದು ಕಣ್ಣಿಗೆ ಕಾಣುವ ಮೊದಲೇ ಮೈಗೆ ಗೊತ್ತಾಗಬೇಕು. ನಮಗೆ ಒಗ್ಗರಣೆ ಸೀದೀತೆಂದು ಮೂಗಿಗೆ ಮೊದಲೇ ತಿಳಿಯುವುದಿಲ್ಲವೇ, ಹಾಗೆ. ಒಬ್ಬಟ್ಟು ತಟ್ಟುವವಳಿಗೆ ಅಂಚು ಎಲ್ಲಿ ದಪ್ಪ ಎಂದು ಬೆರಳೇ ಹೇಳುವುದಿಲ್ಲವೇ, ಹಾಗೆ. ಇದೇ ಕಷ್ಟದಲ್ಲೇ ಅದರ ಆನಂದವೂ ಇದೆ. ಇಂಥ ವಿಮಾನವನ್ನು ಅರೆಮನಸ್ಸಿನಿಂದ ನಡೆಸಲಾಗದು. ಕೈ, ಕಾಲು, ಕಣ್ಣು, ಕಿವಿ ಎಲ್ಲವೂ ಒಂದೇ ಕೆಲಸದಲ್ಲಿ ಮುಳುಗುತ್ತವೆ. ಮನೆಯ ಚಿಂತೆ, ಸಾಲದ ಚಿಂತೆ ಅಷ್ಟು ಹೊತ್ತು ಹತ್ತಿರ ಸುಳಿಯುವುದಿಲ್ಲ. ಮೂರು ಚಕ್ರವೂ ಒಟ್ಟಿಗೆ ಮೆತ್ತಗೆ ನೆಲ ಮುಟ್ಟಿದ ಗಳಿಗೆಯಲ್ಲಿ ಸಿಗುವ ತೃಪ್ತಿ ಇದೆಯಲ್ಲ, ಮೈಸೂರುಪಾಕು ಸರಿಯಾದ ಹದಕ್ಕೆ ಬಂದಾಗಿನ ತೃಪ್ತಿಗೆ ಹತ್ತಿರದ್ದು!

ಕೌದಿಯಂತೆ ಹೊಲಿದ ರೆಕ್ಕೆ

ಪುಷ್ಪಕ್ ನಮ್ಮ ನಾಡಿನಲ್ಲೇ ಹುಟ್ಟಿದ ಕೂಸು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನೊಂದಿಗೆ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆ ಆರಂಭಿಸಿದರು. ಈಗ ಎಚ್.ಎ.ಎಲ್. ಎಂದು ನಾವೆಲ್ಲ ಕರೆಯುವುದು ಅದನ್ನೇ. ಡಾ. ವಿ. ಎಂ. ಘಾಟಗೆಯವರ ಮುಂದಾಳುತನದಲ್ಲಿ ಅಲ್ಲಿ ತಯಾರಾದ ಎಚ್.ಟಿ.-2 ಎಂಬ ತರಬೇತಿ ವಿಮಾನ 1951ರಲ್ಲಿ ಮೊದಲ ಬಾರಿ ಹಾರಿತು. ಅದಕ್ಕೂ ಬಾಲದಲ್ಲೇ ಚಕ್ರ. ನಮ್ಮ ವಾಯುಪಡೆಯ ಎಷ್ಟೋ ಪೈಲಟ್‌ಗಳು ಮೊದಲ ಪಾಠ ಕಲಿತದ್ದು ಅದರಲ್ಲಿ. ಆಮೇಲೆ 1958ರ ಸೆಪ್ಟೆಂಬರಿನಲ್ಲಿ ಪುಷ್ಪಕ್ ಹಾರಿತು. ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆಂದೇ ಮಾಡಿದ ಈ ವಿಮಾನ 150ಕ್ಕೂ ಹೆಚ್ಚು ತಯಾರಾದವು.

ಅದರ ಎಂಜಿನ್ 90 ಅಶ್ವಶಕ್ತಿಯದು. ಈಗಿನ ಸಾಧಾರಣ ಕಾರಿನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ. ಖಾಲಿ ವಿಮಾನದ ತೂಕ ನಾಲ್ಕು ಕ್ವಿಂಟಲ್ ಆಸುಪಾಸು. ನಮ್ಮ ಕಡೆಯ ಎಂಟು ಚೀಲ ರಾಗಿಯ ಭಾರ! ಇಷ್ಟು ಹಗುರವಾಗಲು ಕಾರಣ ಅದರ ಬಟ್ಟೆ. ಒಳಗೆ ಉಕ್ಕಿನ ಕೊಳವೆಗಳ ಹಂದರ, ಮೇಲೆ ಬಟ್ಟೆಯ ಹೊದಿಕೆ.

ಈ ಬಟ್ಟೆ ಹೊದಿಸುವ ಕೆಲಸ ಕೇಳಿದರೆ ನಿಮಗೆ ನಮ್ಮ ಕೌದಿಯೇ ನೆನಪಾದೀತು. ಮೊದಲು ಬಟ್ಟೆಯನ್ನು ದಿಂಬಿನ ಗವಸಿನಂತೆ ಹೊಲಿದು ರೆಕ್ಕೆಗೆ ತೊಡಿಸಬಹುದು. ಆಮೇಲೆ ಮೇಣ ಹಚ್ಚಿದ ದಾರವನ್ನು ಉದ್ದ ಸೂಜಿಗೆ ಪೋಣಿಸಿ, ರೆಕ್ಕೆಯ ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ತೂರಿಸಿ, ಒಳಗಿನ ಪಕ್ಕೆಲುಬುಗಳಿಗೆ ಬಿಗಿದು, ಪ್ರತಿ ಹೊಲಿಗೆಗೂ ಗಂಟು ಹಾಕುತ್ತಾರೆ. ಹೊಲಿಗೆಯ ಮೇಲೆ ಅಂಚು ಹಲ್ಲುಹಲ್ಲಾಗಿ ಕತ್ತರಿಸಿದ ಪಟ್ಟಿ ಅಂಟಿಸುತ್ತಾರೆ, ನೂಲು ಬಿಚ್ಚದಿರಲಿ ಎಂದು. ಕೊನೆಗೆ 'ಡೋಪ್' ಎಂಬ ದ್ರವವನ್ನು ಸಾರಿ ಸಾರಿ ಬಳಿಯುತ್ತಾರೆ. ನಾವು ಸೀರೆಗೆ ಗಂಜಿ ಹಾಕಿದ ಹಾಗೆ. ಆದರೆ ಗಂಜಿ ಬರೀ ಗಡುಸು ಮಾಡುತ್ತದೆ. ಡೋಪ್ ಒಣಗುತ್ತಾ ಬಟ್ಟೆಯನ್ನು ಕುಗ್ಗಿಸಿ ತಮಟೆಯಂತೆ ಬಿಗಿಯುತ್ತದೆ. ಅದರ ವಾಸನೆ ಉಗುರಿಗೆ ಹಚ್ಚುವ ಬಣ್ಣದ ವಾಸನೆಯೇ.

ಎರಡೂ ಮಹಾಯುದ್ಧಗಳ ಕಾಲದಲ್ಲಿ ಇಂಗ್ಲೆಂಡು, ಅಮೆರಿಕಗಳ ಕಾರ್ಖಾನೆಗಳಲ್ಲಿ ಈ ಹೊಲಿಗೆಯನ್ನು ಮಾಡಿದವರು ಬಹುಪಾಲು ಹೆಂಗಸರು. ಒಂದು ಹೊಲಿಗೆ ಸಡಿಲವಾದರೂ ಮೇಲೆ ಹಾರುವವನ ಜೀವಕ್ಕೆ ಅಪಾಯ. ಅಂದರೆ ಹೆಣ್ಣಿನ ಕೈಗೆಲಸ ನಂಬಿಯೇ ಗಂಡಸರು ಆಕಾಶಕ್ಕೆ ಏರಿದರು. ಹೊಲಿದವಳು ಹತ್ತಿ ಕೂರಬಾರದು ಅನ್ನುವುದು ಯಾವ ನ್ಯಾಯ, ನೀವೇ ಹೇಳಿ!

ಮೈಸೂರು ನಾಡಿನಿಂದ ಹಾರಿದ ಗೃಹಿಣಿ

ಹತ್ತಿ ಕೂತವರೂ ಇದ್ದಾರೆ ಸಹೋದರಿಯರೇ. ಸರಳಾ ಠಕ್ರಾಲ್ ಅವರ ಹೆಸರು ಕೇಳಿದ್ದೀರಾ? 1936ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಲಾಹೋರಿನಲ್ಲಿ ಜಿಪ್ಸಿ ಮಾತ್ ಎಂಬ ಪುಟ್ಟ ಎರಡು ಹಾಸು ರೆಕ್ಕೆಯ ವಿಮಾನವನ್ನು ಒಬ್ಬರೇ ಹಾರಿಸಿದರು. ಉಟ್ಟಿದ್ದು ಸೀರೆ. ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಳು. ಪೈಲಟ್ ಲೈಸೆನ್ಸ್ ಪಡೆದ ಮೊದಲ ಭಾರತೀಯ ಮಹಿಳೆ ಎಂದು ಅವರನ್ನು ನೆನೆಯುತ್ತಾರೆ. ಅವರ ಪತಿಯೂ ಪೈಲಟ್. 1939ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಸರಳಾ ಹಾರುವ ವೃತ್ತಿಯ ಕನಸು ಬಿಟ್ಟು ಚಿತ್ರಕಲೆ ಕಲಿತು, ಮುಂದೆ ಒಡವೆ, ಸೀರೆಗಳ ವಿನ್ಯಾಸ ಮಾಡಿ ಬದುಕು ಕಟ್ಟಿಕೊಂಡರು. ಆಕಾಶದ ಕೆಲಸದಲ್ಲಿ ಅಪಾಯವಿಲ್ಲ ಎಂದು ನಾನು ಹೇಳುವುದಿಲ್ಲ. ಇದೆ. ತಿಳಿದೇ ಇಳಿಯಬೇಕಾದ ಕೆಲಸ ಅದು.

ಇನ್ನೊಬ್ಬರು ನಮ್ಮ ಜಕ್ಕೂರಿನವರೇ ಎನ್ನಬೇಕು. ಹೆಸರು ಉಷಾ ಸುಂದರಂ. ಹುಟ್ಟಿದ್ದು 1924ರಲ್ಲಿ, ಮದುವೆ 1941ರಲ್ಲಿ. ಪತಿ ಕ್ಯಾಪ್ಟನ್ ವಿ. ಸುಂದರಂ ಮೈಸೂರು ಮಹಾರಾಜರ ವಿಮಾನ ನಡೆಸಿದವರು. ಜಕ್ಕೂರಿನ ಸರ್ಕಾರಿ ವಿಮಾನ ತರಬೇತಿ ಶಾಲೆಯ ಮುಖ್ಯಸ್ಥರಾಗಿದ್ದವರು. ಅದೇ ಶಾಲೆಯಲ್ಲಿ ಕಲಿತು 1949ರಲ್ಲಿ ಉತ್ತೀರ್ಣರಾಗಿ ಬಂದವರು ಉಷಾ. ಆಗಲೇ ಅವರು ಮಕ್ಕಳ ತಾಯಿ! ಆ ಕಾಲದಲ್ಲಿ ನಮ್ಮ ದೇಶದ ಕ್ಲಬ್ಬುಗಳಲ್ಲಿ ಕಲಿಯುವವರಿಗೆ ಸಾಮಾನ್ಯವಾಗಿ ಸಿಗುತ್ತಿದ್ದುದು ಟೈಗರ್ ಮಾತ್ ಎಂಬ ವಿಮಾನ. ತಲೆಯ ಮೇಲೆ ಸೂರಿಲ್ಲ, ಬ್ರೇಕಿಲ್ಲ, ಬಾಲದಲ್ಲಿ ಚಕ್ರವೂ ಇಲ್ಲ, ಊರುಗೋಲು. ಮುಖಕ್ಕೆ ಗಾಳಿ ಬಡಿಯುತ್ತಲೇ ಪಾಠ.

ಗಂಡ ಹೆಂಡತಿ ಇಬ್ಬರೂ ಜೊತೆಯಾಗಿ ಹಾರಿದರು. 1951ರಲ್ಲಿ ಆಗಿನ ಮದ್ರಾಸ್ ಸರ್ಕಾರ ಇಂಗ್ಲೆಂಡಿನಿಂದ 'ಡವ್' ಎಂಬ ವಿಮಾನ ಕೊಂಡಾಗ, ಅದನ್ನು ತರಲು ಹೋದವರು ಈ ದಂಪತಿ. ಇಪ್ಪತ್ತೇಳು ಗಂಟೆಗಳಲ್ಲಿ ಅದನ್ನು ಭಾರತಕ್ಕೆ ಹಾರಿಸಿ ತಂದ ಸಾಧನೆಯನ್ನು ಇಂದಿಗೂ ಹೇಳಿಕೊಳ್ಳುತ್ತಾರೆ. ಇಷ್ಟಕ್ಕೇ ನಿಲ್ಲಲಿಲ್ಲ. 1959ರಲ್ಲಿ ಇದೇ ದಂಪತಿ ಮದ್ರಾಸಿನಲ್ಲಿ ಬೀದಿ ಪ್ರಾಣಿಗಳಿಗಾಗಿ ಬ್ಲೂ ಕ್ರಾಸ್ ಸಂಸ್ಥೆ ಹುಟ್ಟುಹಾಕಿದರು. ಉಷಾ ಅವರು 2010ರಲ್ಲಿ ತೀರಿಕೊಂಡರು.

ನೋಡಿ, ನಾನು 1978ರಲ್ಲಿ ಜಕ್ಕೂರಿನ ಆ ನೆಲದ ಮೇಲೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಾಗ, ಇಪ್ಪತ್ತೊಂಬತ್ತು ವರ್ಷ ಹಿಂದೆಯೇ ಒಬ್ಬ ಗೃಹಿಣಿ ಅಲ್ಲಿಂದ ಪೈಲಟ್ ಆಗಿ ಹೊರಟಿದ್ದಳು ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ? ಏನೂ ಆಗದೆಯೂ ಇರಬಹುದಿತ್ತು. ಆದರೆ "ಕಲೀಬಹುದು" ಅನ್ನುವ ಮಾತಿಗೆ ನಾನು ಬರೀ ನಕ್ಕು ಇಳಿಯುತ್ತಿರಲಿಲ್ಲವೇನೋ.

ನಮ್ಮೂರ ಮೇಲಿಂದ

ಪುಷ್ಪಕ್‌ನಲ್ಲಿ ಬೆಂಗಳೂರಿನಿಂದ ಹೊರಟರೆ ನಮ್ಮ ಹೊರಕೆರೆದೇವಪುರದ ಮೇಲಕ್ಕೆ ಬರಲು ಎರಡು ಗಂಟೆಯೊಳಗೆ ಸಾಕು. ಎಷ್ಟೋ ಮಧ್ಯಾಹ್ನ, ಪಾತ್ರೆ ತೊಳೆದು ಕಾಲು ಚಾಚಿದಾಗ, ಕಣ್ಣು ಮುಚ್ಚಿ ನಾನು ಈ ಪ್ರಯಾಣ ಮಾಡಿದ್ದೇನೆ, ನಗಬೇಡಿ!

ಹಳೆಯ ಪುಟ್ಟ ವಿಮಾನದಲ್ಲಿ ದಾರಿ ಹುಡುಕುವುದು ಹೇಗೆ ಗೊತ್ತೇ? ತೊಡೆಯ ಮೇಲೆ ನಕ್ಷೆ, ಎದುರಿಗೆ ದಿಕ್ಸೂಚಿ, ಕೈಯಲ್ಲಿ ಗಡಿಯಾರ, ಕೆಳಗೆ ನೆಲ. ರೈಲುದಾರಿ, ಹೆದ್ದಾರಿ, ಕೆರೆ, ಗುಡ್ಡ ಇವೇ ಗುರುತು. ನಮ್ಮ ಜಿಲ್ಲೆ ಈ ಬಗೆಯ ಹಾರಾಟಕ್ಕೆಂದೇ ಬರೆದಿಟ್ಟ ಹಾಗಿದೆ. ಹಿರಿಯೂರಿನ ಬಳಿ ಮಾರಿಕಣಿವೆಯ ಹಿನ್ನೀರು ತಪ್ಪಿಸಿಕೊಳ್ಳಲಾರದು. ಚಿತ್ರದುರ್ಗದ ಬಂಡೆ ಬೆಟ್ಟ, ಏಳು ಸುತ್ತಿನ ಕೋಟೆ ದೂರದಿಂದಲೇ ಕಂಡೀತು. ಚಿಕ್ಕಜಾಜೂರಿನಲ್ಲಿ ರೈಲು ಹಳಿಗಳು ಕವಲೊಡೆಯುವುದು ಇನ್ನೊಂದು ಗುರುತು. ನಡುವೆ ಹೊಳಲ್ಕೆರೆ ಸೀಮೆಯ ಅಡಿಕೆ ತೋಟಗಳ ದಟ್ಟ ಹಸಿರು, ಮೆಕ್ಕೆಜೋಳದ ಹೊಲ, ತೆಂಗು, ಕೆರೆ ಏರಿ, ದೇವಸ್ಥಾನದ ಗೋಪುರ. ಆಮೇಲೆ ತಾರಸಿಯ ಮೇಲೆ ಬಿಳಿ ಪಂಚೆ, ಅದರ ಮೇಲೆ ಸಾಲುಸಾಲು ಸಂಡಿಗೆ!

ಈಗ ಇದೇ ಜಿಲ್ಲೆಯ ಚಳ್ಳಕೆರೆ ಬಳಿ ಪೈಲಟ್ ಇಲ್ಲದ ವಿಮಾನಗಳನ್ನು ಪರೀಕ್ಷಿಸುವ ಕೇಂದ್ರವಿದೆ, 2017ರಲ್ಲಿ ಉದ್ಘಾಟನೆಯಾಯಿತು. ನೆಲದ ಮೇಲೆ ಕೂತು ಆಕಾಶದಲ್ಲಿರುವುದನ್ನು ನಡೆಸುವ ಕಾಲ ಬಂದಿದೆ. ಹಾಗಿದ್ದ ಮೇಲೆ ಕೈಯಿಂದ, ಕಾಲಿನಿಂದ ನಡೆಸುವ ಹಳೆಯ ವಿಮಾನ ಯಾಕೆ ಬೇಕು ಅಂತೀರಾ? ಮಿಕ್ಸಿ ಬಂದ ಮೇಲೂ ಒರಳಿನ ಚಟ್ನಿಗೆ ಆಸೆಪಡುವುದಿಲ್ಲವೇ ನಾವು! ಜಗತ್ತಿನ ಹಲವು ಕಡೆ ಹಳೆಯ ಬಾಲಚಕ್ರದ ವಿಮಾನಗಳನ್ನು ಜನ ಇಂದಿಗೂ ಬಟ್ಟೆ ಬದಲಿಸಿ, ಎಂಜಿನ್ ಬಿಚ್ಚಿ ಜೋಡಿಸಿ, ಅಕ್ಕರೆಯಿಂದ ಹಾರಿಸುತ್ತಾರೆ. ನಮ್ಮ ವಾಯುಪಡೆಯೂ ಒಂದು ಟೈಗರ್ ಮಾತ್ ವಿಮಾನವನ್ನು ಮತ್ತೆ ಹಾರುವಂತೆ ಮಾಡಿಸಿ 2012ರ ವಾಯುಪಡೆ ದಿನಾಚರಣೆಯಲ್ಲಿ ಹಾರಿಸಿತು.

ಮನೆಯ ಹುಡುಗಿ ಕೇಳಿದರೆ

ಇಷ್ಟು ಓದಿದ ಮೇಲೆ, "ನಮ್ಮ ಹುಡುಗಿಯೂ ಕೇಳ್ತಾಳೆ, ಏನು ಹೇಳೋದು?" ಎಂಬ ಪ್ರಶ್ನೆ ನಿಮ್ಮಲ್ಲಿ ಕೆಲವರಿಗಾದರೂ ಬಂದಿರಬಹುದು. ನಾನು ವಿಚಾರಿಸಿ ತಿಳಿದದ್ದು ಇಷ್ಟು.

ಹದಿನಾರು ತುಂಬಿದರೆ ವಿದ್ಯಾರ್ಥಿ ಪೈಲಟ್ ಲೈಸೆನ್ಸ್, ಹದಿನೇಳಕ್ಕೆ ಸ್ವಂತ ಹಾರಾಟದ ಲೈಸೆನ್ಸ್, ಹದಿನೆಂಟಕ್ಕೆ ಸಂಬಳಕ್ಕೆ ವಿಮಾನ ನಡೆಸುವ ಲೈಸೆನ್ಸ್ ಪಡೆಯಬಹುದು. ಕೊನೆಯದಕ್ಕೆ 200 ಗಂಟೆಗಳ ಹಾರಾಟ ಆಗಬೇಕು. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ಗಣಿತ ಓದಿರಬೇಕೆಂಬ ನಿಯಮ ಬಹುಕಾಲದಿಂದ ಇದೆ. ನಿಯಮಗಳು ಆಗಾಗ ಬದಲಾಗುವುದರಿಂದ ಸೇರುವ ಮೊದಲು ವಿಚಾರಿಸಿಕೊಳ್ಳಿ. ಆದರೆ ಹತ್ತನೇ ಕ್ಲಾಸಿನ ನಂತರ "ಹುಡುಗಿಗೆ ಗಣಿತ ಯಾಕೆ, ಸುಲಭದ್ದು ತಗೊಳ್ಳಲಿ" ಎಂದು ಬಿಡಿಸಬೇಡಿ. ಬಾಗಿಲು ಮುಚ್ಚುವುದು ಹೆಚ್ಚಾಗಿ ಅಲ್ಲಿಯೇ.

ವೈದ್ಯಕೀಯ ಪರೀಕ್ಷೆ ಮೊದಲೇ ಮಾಡಿಸಿ. ಕನ್ನಡಕ ಹಾಕಿದ ಮಾತ್ರಕ್ಕೆ ಆಸೆ ಬಿಡಬೇಕಿಲ್ಲ. ತಜ್ಞ ವೈದ್ಯರು ಹೇಳುತ್ತಾರೆ. ಖರ್ಚು ಮಾತ್ರ ಭಾರಿ. ಹತ್ತಾರು ಲಕ್ಷ ರೂಪಾಯಿಯ ಮಾತು, ಮುಚ್ಚಿಟ್ಟು ಫಲವಿಲ್ಲ. ಸಾಲ ಮಾಡುವ ಮುನ್ನ ಹತ್ತು ಸಲ ಯೋಚಿಸಿ. ಖರ್ಚಿಲ್ಲದೆ ಆಸೆಯನ್ನು ಪರೀಕ್ಷಿಸುವ ದಾರಿಗಳೂ ಇವೆ. ಕೆಲವು ಶಾಲೆ, ಕಾಲೇಜುಗಳಲ್ಲಿ ಎನ್.ಸಿ.ಸಿ.ಯ ವಾಯುವಿಭಾಗವಿದೆ, ಅದರ ಕೆಡೆಟ್‌ಗಳಿಗೆ ಸಣ್ಣ ವಿಮಾನದಲ್ಲಿ ಹಾರುವ ಅನುಭವ ಸಿಗುತ್ತದೆ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ 2022ರಿಂದ ಹುಡುಗಿಯರೂ ಸೇರುತ್ತಿದ್ದಾರೆ. ಅಲ್ಲಿ ತರಬೇತಿಯ ಖರ್ಚು ಸರ್ಕಾರದ್ದು. ಪರೀಕ್ಷೆ ಕಠಿಣ, ಆದರೆ ಬಾಗಿಲು ತೆರೆದಿದೆ.

ಇನ್ನೊಂದು ವಿಷಯ ಕೇಳಿ. ಪ್ರಪಂಚದಲ್ಲಿ ನೂರು ವಿಮಾನ ಪೈಲಟ್‌ಗಳಲ್ಲಿ ಐದಾರು ಮಂದಿಯಷ್ಟೇ ಹೆಂಗಸರು. ನಮ್ಮ ಭಾರತದಲ್ಲಿ ಅವರು ನೂರಕ್ಕೆ ಹನ್ನೆರಡಕ್ಕೂ ಹೆಚ್ಚು! ಈ ಒಂದು ವಿಷಯದಲ್ಲಿ ದೊಡ್ಡ ದೊಡ್ಡ ದೇಶಗಳೇ ನಮ್ಮ ಹಿಂದಿವೆ.

ಮತ್ತೆ ತಾರಸಿಯ ಮೇಲೆ

ಮರುದಿನ ಸಂಜೆ, ಒಣಗಿದ ಸಂಡಿಗೆ ಬಿಡಿಸಿ ಡಬ್ಬಿಗೆ ತುಂಬುವಾಗ, ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಬಟ್ಟೆಯ ರೆಕ್ಕೆ, ಮೇಲೇಳುವ ಬಾಲ, ಕೊಡ ಹೊತ್ತ ಹೆಂಗಸು, ಹಾಲಿನ ಲೋಟ. ಹುಡುಗಿ ಬಾಯಿ ಬಿಟ್ಟುಕೊಂಡು ಕೇಳಿದಳು. ಸೊಸೆ ಕೈಯಲ್ಲಿದ್ದ ಸಂಡಿಗೆ ಹಾಗೆಯೇ ಹಿಡಿದು, "ಅತ್ತೇ, ನೀವು ವಿಮಾನ ಓಡ್ಸಿದ್ರಾ? ಇಷ್ಟು ವರ್ಷದಲ್ಲಿ ಒಂದಿನಾನೂ ಹೇಳ್ಲಿಲ್ವಲ್ಲ!" ಅಂದಳು.

"ಯಾರೂ ಕೇಳ್ಲಿಲ್ಲವಲ್ಲಮ್ಮ" ಅಂದೆ. ಅದು ಪೂರ್ತಿ ನಿಜವಲ್ಲ ಎಂದು ನನಗೇ ಗೊತ್ತು.

ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, "ಅಜ್ಜೀ, ಇಳಿದ ಮೇಲೂ ಪೆಡಲ್ ತುಳೀತಾನೇ ಇರ್ಬೇಕಾ?"

"ಹೂಂ ಕಣೇ. ಪೂರ್ತಿ ನಿಲ್ಲೋ ತನಕ."

ಅವಳು ಪೈಲಟ್ ಆಗುತ್ತಾಳೋ, ಟೀಚರ್ ಆಗುತ್ತಾಳೋ, ಇನ್ನೇನೋ ಆಗುತ್ತಾಳೋ ಯಾರಿಗೆ ಗೊತ್ತು. ಸದ್ಯಕ್ಕೆ ಗಣಿತದ ಪುಸ್ತಕ ಹಿಡಿದು ಕೂತಿದ್ದಾಳೆ, ಅಷ್ಟು ಸಾಕು. ಸಹೋದರಿಯರೇ, ನಿಮ್ಮ ಮನೆಯ ಹುಡುಗಿ ಆಕಾಶ ನೋಡಿ ಏನಾದರೂ ಕೇಳಿದರೆ, ನನ್ನ ಹಾಗೆ ಕಾಗೆ ಓಡಿಸಲು ಹೇಳಬೇಡಿ. ಹೇಳಿದರೂ, ಕೋಲನ್ನು ನೀವು ಹಿಡಿದು ಕೂತು, ಅವಳು ಇನ್ನೂ ಸ್ವಲ್ಪ ಹೊತ್ತು ಮೇಲೆ ನೋಡಲಿ ಬಿಡಿ. ನಾಲ್ಕು ಸಂಡಿಗೆ ಕಾಗೆ ಪಾಲಾದರೆ ಆಗಲಿ!